ಹೈಬರಿ: ಒಂದು ಮೈದಾನದ ಕಥೆ

ಸುಗ್ಗಿ ಮುಗಿದ ಗದ್ದೆಯೂ ಕಡಲತಡಿಯ ಮರಳೂ ಅಂಕೋಲಾ, ಕಾರವಾರಗಳ ಮಕ್ಕಳಿಗೆ ಆಟದ ಬಯಲುಗಳು. ಮಳೆ ಬಿದ್ದೊಡನೆ ಗದ್ದೆ ನೇಗಿಲಿಗೆ ಸಲ್ಲುತ್ತದೆ; ಉಬ್ಬರ ಬಂದೊಡನೆ ಮರಳು ಕಡಲಿನ ಪಾಲಾಗುತ್ತದೆ. ಆದರೆ ಆಟಕ್ಕೆಂದೇ ಕಟ್ಟಿದ, ಲಕ್ಷಾಂತರ ಜನರ ಅಭಿಮಾನಕ್ಕೆ ಪಾತ್ರವಾದ ಮೈದಾನಗಳೂ ಕಣ್ಮರೆಯಾಗುವುದುಂಟು. ಲಂಡನ್ ನಗರದ ಹೈಬರಿ ಇದಕ್ಕೊಂದು ನಿದರ್ಶನ.

ಆರ್ಸೆನಲ್ ಎಂಬ ಕಾಲ್ಚೆಂಡು ಸಂಘವನ್ನು 1886ರಲ್ಲಿ ಸ್ಥಾಪಿಸಿದವರು ಒಂದು ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು. ಈ ಸಂಘವು 1913ರಲ್ಲಿ ಹೈಬರಿಗೆ ಬಂದಿತು. ಆ ಭೂಮಿ ಒಂದು ಧರ್ಮಶಾಸ್ತ್ರ ವಿದ್ಯಾಲಯದ್ದು. ಕ್ರಿಸ್‌ಮಸ್ ಮತ್ತು ಗುಡ್‌ಫ್ರೈಡೆಯಂದು ಆಡಕೂಡದೆಂಬ ನಿಬಂಧನೆಯೊಡನೆ ಅದನ್ನು ಗೇಣಿಗೆ ಕೊಡಲಾಯಿತು. ನೆರೆಹೊರೆಯವರು ಮೊದಲು ವಿರೋಧಿಸಿದರು. ಕಾಲಕ್ರಮದಲ್ಲಿ ಮೈದಾನವೇ ಆ ಬಡಾವಣೆಯ ಹೆಮ್ಮೆಯಾಯಿತು. 1935ರ ಒಂದು ಪಂದ್ಯಕ್ಕೆ 73,295 ಜನ ನೆರೆದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ದಾಳಿಯಿಂದ ಹಾನಿಗೊಂಡರೂ ಮೈದಾನವು ಮತ್ತೆ ತಲೆಯೆತ್ತಿ ನಿಂತಿತು.

ಅದರ ಅಂತ್ಯಕ್ಕೆ ಕಾರಣವಾದುದು ಸ್ಥಳದ ಅಭಾವ. 1989ರಲ್ಲಿ ಹಿಲ್ಸ್‌ಬರೋ ಎಂಬ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಲುಕಿ 97 ಮಂದಿ ಪ್ರಾಣ ತೆತ್ತರು. ಆ ಬಳಿಕ ದೊಡ್ಡ ಮೈದಾನಗಳಲ್ಲಿ ಎಲ್ಲ ಪ್ರೇಕ್ಷಕರಿಗೂ ಆಸನ ಒದಗಿಸುವುದು ಕಡ್ಡಾಯವಾಯಿತು. ಹೈಬರಿಯಲ್ಲಿ ಆಸನಗಳು ಸುಮಾರು 38,000ಕ್ಕೆ ಇಳಿದವು. ಸುತ್ತಲೂ ಮನೆಗಳಿದ್ದುದರಿಂದ ವಿಸ್ತರಣೆ ಅಸಾಧ್ಯವಾಯಿತು. 2006ರ ಮೇ 7ರಂದು ಕಡೆಯ ಪಂದ್ಯ ಜರುಗಿತು. ಇಂದು ಅಲ್ಲಿ ವಸತಿಗೃಹಗಳಿವೆ. ಆಟಗಾರರು ಓಡಿದ ಹಸುರು ನೆಲ ಉದ್ಯಾನವಾಗಿದೆ. ಆದರೆ ಪೂರ್ವದಿಕ್ಕಿನ ಪ್ರೇಕ್ಷಕಾಂಗಣದ ಮುಂಭಿತ್ತಿಯನ್ನು ಕಾನೂನು ಕಾಪಾಡಿದೆ. ದಾರಿಹೋಕನಿಗೆ ಹಳೆಯ ಕಥೆಯನ್ನು ಅದು ಈಗಲೂ ಹೇಳುತ್ತದೆ.

ನೆಲದ ಬಳಕೆ ಬದಲಾಗುವುದು ಉತ್ತರ ಕನ್ನಡಕ್ಕೂ ಅಪರಿಚಿತವಲ್ಲ. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತಡಿಗಳನ್ನು ತೊರೆದವು. ಹೈಬರಿಯನ್ನು ಬಿಟ್ಟವರು ಸ್ವಂತ ನಿರ್ಧಾರದಿಂದ, ಹೆಚ್ಚಿನ ಅನುಕೂಲಕ್ಕಾಗಿ ಬಿಟ್ಟರು. ಇವರು ನಾಡಿನ ರಕ್ಷಣೆಗೆಂದು ಒಕ್ಕಲೆದ್ದರು. ಅಲ್ಲಿ ಒಂದು ಗೋಡೆಯಾದರೂ ಸಾಕ್ಷಿಯಾಗಿ ನಿಂತಿದೆ. ಇಲ್ಲಿಯ ಗದ್ದೆಗಳ ಹೆಸರು, ದೋಣಿ ಎಳೆಯುತ್ತಿದ್ದ ತಾಣ, ಮಕ್ಕಳು ಆಡುತ್ತಿದ್ದ ಬಯಲು ಇವು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿವೆ. ಅವರು ಇರುವಾಗಲೇ ಕೇಳಿ ಬರೆದಿಡುವುದು ಕಿರಿಯರ ಕರ್ತವ್ಯ.