ಬಿಸಿನೀರಿನ ಅಪಸ್ಮಾರ: ಬೆಂಗಳೂರಿನ ಒಂದು ಸಂಶೋಧನೆ ಮತ್ತು ಗುರುವಿನ ವಿವೇಚನೆ

1917ರ ಧರ್ಮಸಭೆಯ ಕಾನೂನು ಸಂಹಿತೆಯ 984ನೆಯ ವಿಧಿಯು ಗುರುದೀಕ್ಷೆಗೆ ಅಡ್ಡಿಯಾಗುವ ಕೊರತೆಗಳನ್ನು ಹೇಳುವಾಗ ಅಪಸ್ಮಾರಿಗಳನ್ನೂ ಬುದ್ಧಿಭ್ರಮಣೆಯುಳ್ಳವರನ್ನೂ ದೆವ್ವ ಹಿಡಿದವರನ್ನೂ ಒಂದೇ ಸಾಲಿನಲ್ಲಿ ಇರಿಸಿತ್ತು. ಒಮ್ಮೆ ಇದ್ದು ಹೋದದ್ದೂ ಅಡ್ಡಿಯೆಂದೇ ಎಣಿಕೆಯಾಗುತ್ತಿತ್ತು. 1983ರ ಸಂಹಿತೆಯ 1041ನೆಯ ವಿಧಿಯಲ್ಲಿ ಅಪಸ್ಮಾರದ ಹೆಸರೇ ಇಲ್ಲ. ಈ ಎರಡು ಸಂಹಿತೆಗಳ ನಡುವಿನ ಅವಧಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಒಂದು ಸಂಶೋಧನೆಯನ್ನು ನಾವಿಲ್ಲಿ ಪರಿಚಯಿಸುತ್ತೇವೆ. ಅದು ನಮ್ಮ ಧರ್ಮಕೇಂದ್ರಗಳ ಬಚ್ಚಲುಮನೆಗೇ ಸಂಬಂಧಿಸಿದ್ದು.

ಸ್ನಾನದ ವೇಳೆ ತಲೆಗೆ ಬಿಸಿನೀರು ಬಿದ್ದೊಡನೆ ಸೆಳವು ಬರುವ ಪ್ರಕರಣವೊಂದನ್ನು 1945ರಲ್ಲಿ ನ್ಯೂಜಿಲೆಂಡಿನ ವೈದ್ಯ ಅಲೆನ್ ದಾಖಲಿಸಿದ್ದರು. ಅದು ಅಪರೂಪದ ಸಂಗತಿಯೆಂದೇ ಉಳಿಯಿತು. ಆದರೆ ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರ ಬಳಿಗೆ ಇಂತಹ ರೋಗಿಗಳು ಮತ್ತೆ ಮತ್ತೆ ಬರತೊಡಗಿದರು. 1968ರಲ್ಲಿ ಅವರು ಮತ್ತು ಸಂಗಡಿಗರು ಪ್ರಾಥಮಿಕ ವರದಿಯನ್ನು ಪ್ರಕಟಿಸಿದರು. 1974ರ ಹೊತ್ತಿಗೆ ಅವರು ವಿವರಿಸಿದ ರೋಗಿಗಳ ಸಂಖ್ಯೆ 108. ಅದೇ ವರ್ಷ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆಗಳು ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಅಲ್ಲಿ ಈ ಕಾರ್ಯವನ್ನು ತಮ್ಮ ಜೀವಮಾನದ ವಿಷಯವಾಗಿ ಕೈಗೆತ್ತಿಕೊಂಡವರು ಡಾ. ಪಿ. ಸತೀಶ್‌ಚಂದ್ರ, ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು.

1988ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 279 ರೋಗಿಗಳ ಅಧ್ಯಯನವನ್ನು 'ಎಪಿಲೆಪ್ಸಿಯಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಂಡೆಯ ನೀರನ್ನು ಚೆಂಬಿನಿಂದ ಮೊಗೆದು ಒಂದೇ ಸಮನೆ ತಲೆಯ ಮೇಲೆ ಸುರಿದುಕೊಳ್ಳುವ ರೂಢಿಯೇ ಇಲ್ಲಿ ಮುಖ್ಯ. ನೀರಿನ ತಾಪ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ರೋಗಿಗಳಲ್ಲಿ ಗಂಡುಮಕ್ಕಳೇ ಹೆಚ್ಚು. ಅನೇಕರಲ್ಲಿ ಸೆಳವು ನೆಲಕ್ಕೆ ಬಿದ್ದು ಒದ್ದಾಡುವ ರೂಪದಲ್ಲಿ ಬರುವುದಿಲ್ಲ: ಶೂನ್ಯದೃಷ್ಟಿ, ಕಾರಣವಿಲ್ಲದ ಭಯ, ಅಸಂಬದ್ಧ ಮಾತು, ಇಲ್ಲದ್ದನ್ನು ಕಾಣುವುದು, ಕೇಳುವುದು. ಇದನ್ನು ನೋಡಿದ ಮನೆಯವರು ವೈದ್ಯರನ್ನು ಅರಸುವ ಮೊದಲು ಮಂತ್ರವಾದಿಯನ್ನೋ ಗುರುಗಳನ್ನೋ ಅರಸುವುದು ಅಚ್ಚರಿಯಲ್ಲ.

ಸಂಶೋಧನೆ ಇಷ್ಟಕ್ಕೆ ನಿಲ್ಲಲಿಲ್ಲ. ಗೌತಮ್ ಉಳ್ಳಾಲ್ ಮತ್ತು ಎಸ್. ಕೆ. ಶಂಕರ್ ಅವರೊಡನೆ ಸತೀಶ್‌ಚಂದ್ರರು ಇಲಿಗಳ ಮೇಲೆ ಪ್ರಯೋಗ ನಡೆಸಿ, ಮಿದುಳಿನ ತಾಪ ಏರುವುದಕ್ಕೂ ಸೆಳವಿಗೂ ಇರುವ ನಂಟನ್ನು 1996ರಲ್ಲಿ ವಿವರಿಸಿದರು. ದೇಹದ ತಾಪನಿಯಂತ್ರಣದಲ್ಲಿಯೇ ದೋಷವಿರುವವರಲ್ಲಿ ಬಿಸಿನೀರು ಕಿಡಿಯಾಗುತ್ತದೆ ಎಂಬುದು ಅವರ ವಾದ. ಒಂದೇ ಕುಟುಂಬದ ಹಲವರಲ್ಲಿ ರೋಗ ಕಾಣುವುದರಿಂದ ವಂಶವಾಹಿಗಳ ಹುಡುಕಾಟವೂ ನಡೆಯಿತು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡದೊಡನೆ 2009ರಲ್ಲಿ 4 ಮತ್ತು 10ನೆಯ ವರ್ಣತಂತುಗಳಲ್ಲಿ ಅದಕ್ಕೆ ಸಂಬಂಧಿಸಿದ ಭಾಗಗಳನ್ನು ಗುರುತಿಸಲಾಯಿತು. ಬಟ್ಟಲಿನಿಂದ ತಲೆಗೆ ನೀರು ಹೊಯ್ದುಕೊಳ್ಳುವ ಟರ್ಕಿಯಿಂದಲೂ ಇಂತಹ ವರದಿಗಳು ಬಂದಿವೆ. ಆದರೆ ಈ ಸಂಶೋಧನೆಯ ನಿಜವಾದ ಪ್ರಭಾವವನ್ನು ನಾವು ಬೇರೆಡೆ ಕಾಣುತ್ತೇವೆ. ಸೆಳವು ಸ್ನಾನದ ಹೊತ್ತಿಗೇ ಬರುತ್ತದೆಯೇ ಎಂಬ ಸರಳ ಪ್ರಶ್ನೆಯನ್ನು ಕೇಳುವ ಅಭ್ಯಾಸ ಇದರಿಂದ ಬಂತು.

ಮಾರ್ಕನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೂ ಬಾಲಕನ ತಂದೆಯನ್ನು ಮೊದಲು ವಿಚಾರಿಸುವುದು ಇದು ಎಷ್ಟು ಕಾಲದಿಂದ ಇದೆ ಎಂದೇ. ಆ ಬಾಲಕ ಬೆಂಕಿಗೂ ನೀರಿಗೂ ಬೀಳುತ್ತಿದ್ದನೆಂಬ ಮಾತನ್ನು ಹಿಡಿದು ಅವನಿಗಿದ್ದುದು ಇದೇ ರೋಗವೆಂದು ಸಾಧಿಸಹೊರಡುವುದು ಸಲ್ಲದು. ಪವಿತ್ರಗ್ರಂಥ ವೈದ್ಯರ ಟಿಪ್ಪಣಿಯಲ್ಲ. ಆದರೆ ಆ ವಾಕ್ಯಭಾಗವನ್ನು ಆಧಾರವಾಗಿಟ್ಟುಕೊಂಡು ಪ್ರತಿಯೊಂದು ಸೆಳವನ್ನೂ ದುಷ್ಟಾತ್ಮದ ಕೃತ್ಯವೆನ್ನುವುದು ಇನ್ನೂ ದೊಡ್ಡ ತಪ್ಪು. ಉಚ್ಚಾಟನೆಗೆ ಮುನ್ನ ಅದು ರೋಗವಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು ಧರ್ಮೋಪದೇಶದ 1673ನೆಯ ಪರಿಚ್ಛೇದ ತಿಳಿಸುತ್ತದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಅದನ್ನು ನಡೆಸುವಂತಿಲ್ಲವೆಂಬುದು 1172ನೆಯ ವಿಧಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಗುರುಗಳಿಗೆ ಮಣಿಪಾಲ ದೂರವೂ ಅಲ್ಲ.

ಪಾಪನಿವೇದನೆ ಕೇಳುವವರು ಗಮನಿಸಬೇಕಾದ ಇನ್ನೊಂದು ವಿಚಾರವಿದೆ. ಕೆಲವು ರೋಗಿಗಳಿಗೆ ಸೆಳವಿನ ಆರಂಭದಲ್ಲಿ ಒಂದು ಬಗೆಯ ಹಿತವೆನಿಸಿ, ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಲಾಗುವುದಿಲ್ಲ. ಹೊರಗಿನವರಿಗೆ ಅದು ಹಟ. ಕೆಲವೊಮ್ಮೆ ರೋಗಿಯೇ ಅದನ್ನು ಪಾಪವೆಂದು ನಿವೇದಿಸಬಹುದು. ಇಚ್ಛೆ ಎಲ್ಲಿ ಮುಗಿದು ಸೆಳವು ಎಲ್ಲಿ ಆರಂಭವಾಯಿತೆಂದು ಅವನಿಗೇ ತಿಳಿಯದು. ಭಯ, ಅಭ್ಯಾಸ, ಮಾನಸಿಕ ಕಾರಣಗಳಿಂದ ಹೊಣೆಗಾರಿಕೆ ತಗ್ಗಬಹುದು, ಇಲ್ಲವಾಗಲೂಬಹುದು ಎಂಬ 1735ನೆಯ ಪರಿಚ್ಛೇದದ ಬೋಧನೆ ಇಲ್ಲಿ ಅನ್ವಯಿಸುತ್ತದೆಂಬುದು ನಮ್ಮ ಅಭಿಪ್ರಾಯ. ಅಂಥವನಿಗೆ ಪ್ರಾಯಶ್ಚಿತ್ತವನ್ನು ಹೆಚ್ಚಿಸುವುದರಿಂದ ಫಲವಿಲ್ಲ. ನೀರಿನ ಬಿಸಿ ತಗ್ಗಿಸಿದರೆ ಹಲವರಿಗೆ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ, ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ನೀಡುವ ಕ್ರಮವನ್ನು ನಿಮ್ಹಾನ್ಸ್ ವೈದ್ಯರು ರೂಢಿಗೆ ತಂದಿದ್ದಾರೆ. ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ. ಅವರ ಬಳಿಗೆ ಕಳುಹಿಸುವುದು ನಮ್ಮದು.