ಅಳಿಸಬಾರದ ಮೊದಲ ಸಾಲು

ಪ್ರಶ್ನೆ: ವೆಬ್ ಪುಟಗಳ ಕೋಡ್ 'ಡಾಕ್‌ಟೈಪ್ ಎಚ್‌ಟಿಎಂಎಲ್' ಎಂಬ ಸಾಲಿನಿಂದಲೇ ಶುರುವಾಗುವುದೇಕೆ? ಅಳಿಸಿದರೂ ಪುಟ ತೆರೆಯುತ್ತದಲ್ಲ!

ಉತ್ತರ: ತೆರೆಯುತ್ತದೆ, ಆದರೆ ಹಳೇ ಕಾಲದ ಲೆಕ್ಕದಲ್ಲಿ. 1990ರ ದಶಕದ ಕೊನೆಗೆ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ಗಳು ಒಂದೇ ಕೋಡನ್ನು ಬೇರೆಬೇರೆಯಾಗಿ ತೋರಿಸುತ್ತಿದ್ದವು. 100 ಪಿಕ್ಸೆಲ್ ಅಗಲದ ಪೆಟ್ಟಿಗೆಗೆ ಎಡಬಲ ತಲಾ 10 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟರೆ, ವೆಬ್ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನಕದ ಪ್ರಕಾರ ಒಟ್ಟು 120 ಆಗಬೇಕು. ವಿಂಡೋಸ್‌ನ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 100ರೊಳಗೇ ತುರುಕುತ್ತಿತ್ತು. ಬ್ರೌಸರ್ ತನ್ನ ತಪ್ಪು ತಿದ್ದಿಕೊಂಡರೆ, ಆ ತಪ್ಪನ್ನೇ ನಂಬಿ ಕಟ್ಟಿದ ಪುಟಗಳು ಕೆಡುವ ಫಜೀತಿ ಬೇರೆ!

2000ರಲ್ಲಿ ಮ್ಯಾಕ್‌ನ ಎಕ್ಸ್‌ಪ್ಲೋರರ್ 5 ಉಪಾಯ ತಂದಿತು: ಸರಿಯಾದ ಡಾಕ್‌ಟೈಪ್ ಇದ್ದರೆ ಮಾನಕದ ರೀತಿ, ಇಲ್ಲವಾದರೆ ಹಳೆಯ 'ಕ್ವಿರ್ಕ್ಸ್' ರೀತಿ. ಉಳಿದ ಬ್ರೌಸರ್‌ಗಳೂ ಅದನ್ನೇ ಹಿಡಿದವು.

ತಮಾಷೆಯೆಂದರೆ, ವಿಂಡೋಸ್ ಎಕ್ಸ್‌ಪ್ಲೋರರ್‌ನ ಆ 100ರ ಲೆಕ್ಕವೇ ಹೆಚ್ಚು ಸಹಜ ಎಂದು ನನಗನ್ನಿಸುತ್ತದೆ. ಇಂದು ಎಷ್ಟೋ ಡೆವಲಪರ್‌ಗಳು 'ಬಾರ್ಡರ್-ಬಾಕ್ಸ್' ಎಂದು ಬರೆದು ಅದನ್ನೇ ಕೇಳಿ ಪಡೆಯುತ್ತಾರೆ. ಆದರೆ ಈಗ ಅದೂ ಮಾನಕದೊಳಗೇ ಇದೆ, ಹಾಗಾಗಿ ಎಲ್ಲ ಬ್ರೌಸರ್‌ಗಳಲ್ಲೂ ಫಲ ಒಂದೇ. ಪುಟ ಕಟ್ಟುವವರಂತೂ ಆ ಡಾಕ್‌ಟೈಪ್ ಸಾಲನ್ನು ಅಳಿಸಲೇಬೇಡಿ.