ಇಲ್ಲದ ಬೀಡಿಯ ಹೊಗೆ

ಮುನಿರಾಬಾದಿನ ಕಾಲುವೆ ದಂಡೆಯ ಮದಗುಣಕಿಗೆ ಯಾರೂ ನೀರು ಹಾಕುವುದಿಲ್ಲ, ತಾನೇ ಹುಟ್ಟುತ್ತದೆ. ಕಹಳೆಯಂಥ ಹೂ, ಮೈತುಂಬ ಮುಳ್ಳಿನ ಕಾಯಿ. ಶಿವರಾತ್ರಿಗೆ ಹೂ ಕಿತ್ತು ತಂದಾಗ ನಮ್ಮವ್ವ ಹೇಳುತ್ತಿದ್ದಳು: ‘ಆ ಕೈಲೆ ಕಣ್ಣು ತಿಕ್ಕೋಬ್ಯಾಡಪಾ, ಮೊದ್ಲ ತೊಳಕೋ.’ ಮಾತು ಖರೆ. ರಸ ತಾಗಿದರೆ ಕಣ್ಣಪಾಪೆ ಅರಳಿ ದೃಷ್ಟಿ ಮಂಜಾಗುತ್ತದೆ.

ಬೀಜ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಬಾಯಿ ಒಣಗಿ, ಎದೆಬಡಿತ ಏರಿ, ಮನುಷ್ಯ ಎದುರಿಗಿಲ್ಲದವರ ಜೊತೆ ಮಾತಿಗಿಳಿಯುತ್ತಾನೆ. ಬೆರಳ ಸಂದಿಯಲ್ಲಿ ಇಲ್ಲದ ಬೀಡಿ ಸೇದುತ್ತಾನೆ, ಕೈಜಾರಿತೆಂದು ನೆಲದ ಮೇಲೆ ತಡಕಾಡುತ್ತಾನೆ. ಬದುಕಿ ಎದ್ದ ಮೇಲೆ ಕೇಳಿದರೆ ಹೆಚ್ಚಿನದೇನೂ ನೆನಪಿರುವುದಿಲ್ಲ.

ನಮ್ಮ ಹೊಳೆಗುಂಟ ಕೆಳಗಿರುವ ವಿರೂಪಾಪುರ ಗಡ್ಡಿಯನ್ನು, 2020ರಲ್ಲಿ ರೆಸಾರ್ಟುಗಳು ನೆಲಸಮವಾಗುವ ತನಕ, ಹಿಪ್ಪಿಗಳ ದ್ವೀಪ ಎನ್ನುತ್ತಿದ್ದರು. ಹಿಪ್ಪಿ ಪೀಳಿಗೆ ಮೆಚ್ಚಿದ ಎಲ್‌ಎಸ್‌ಡಿ ಎಂಬ ಮಾದಕವೂ ಮದಗುಣಕಿಯಂತೆ ಇಲ್ಲದ್ದನ್ನು ಕಾಣಿಸುತ್ತದೆ, ಆದರೆ ಅದರ ಕಥೆ ಬೇರೆ. 1943ರ ಏಪ್ರಿಲ್ 19ರಂದು ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅದನ್ನು ತಾನೇ ನುಂಗಿ, ಸೈಕಲ್ಲಿನಲ್ಲಿ ಮನೆ ಸೇರಿದ. ಕೋಣೆಯ ಸಾಮಾನೆಲ್ಲ ವಿಕಾರವಾಗಿ ಕಂಡವು. ಆದರೆ ಅಷ್ಟೂ ವಿವರವಾಗಿ ನೆನಪಿತ್ತು. ಎಲ್‌ಎಸ್‌ಡಿ ಕೆಲಸ ಮಾಡುವುದು ಮುಖ್ಯವಾಗಿ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ದಾರಿಯಲ್ಲಿ. ಗಮನ ಒಂದೆಡೆ ನಿಲ್ಲುವುದಿಲ್ಲ. ಗೋಡೆಯ ಕಲೆಯೂ ಭಾರಿ ಅರ್ಥ ಹೊತ್ತಂತೆ ಕಾಣುತ್ತದೆ. ಮದಗುಣಕಿಯಲ್ಲಿರುವ ಸ್ಕೋಪೊಲಮಿನ್ ಕಟ್ಟಿಹಾಕುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವನ್ನು. ಆಗ ನೆನಪು ಕೂಡಿಡುವ ಕೆಲಸವೇ ನಿಲ್ಲುತ್ತದೆ. ನನಗೆ ಈ ವ್ಯತ್ಯಾಸ ಬಹಳ ದೊಡ್ಡದು, ಯಾಕೆಂದರೆ ಮರೆವಿನ ರೋಗದ ಮಾತ್ರೆಗೆ ದಾರಿ ಸಿಕ್ಕಿದ್ದು ಇಲ್ಲಿಂದ.

1974ರಲ್ಲಿ ಅಮೆರಿಕದ ಡ್ರ್ಯಾಕ್‌ಮನ್ ಮತ್ತು ಲೆವಿಟ್ ಆರೋಗ್ಯವಂತ ತರುಣರಿಗೆ ಸ್ಕೋಪೊಲಮಿನ್ ಕೊಟ್ಟು ಪರೀಕ್ಷೆ ಮಾಡಿದರು. ಕೇಳಿದ ಅಂಕಿಗಳನ್ನು ಕೂಡಲೇ ಒಪ್ಪಿಸುತ್ತಿದ್ದ ಹುಡುಗರಿಗೆ ಹೊಸದನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಆಗಲಿಲ್ಲ. ಥೇಟ್ ವಯಸ್ಸಾದವರ ಹಾಗೆ. 1976ರ ಹೊತ್ತಿಗೆ, ಆಲ್ಝೈಮರ್ಸ್ ಎಂಬ ಮರೆವಿನ ರೋಗದಿಂದ ತೀರಿಕೊಂಡವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ತೀರ ಕಡಿಮೆ ಇದ್ದುದು ಗೊತ್ತಾಯಿತು. ಹಾಗಾದರೆ ಇದ್ದಷ್ಟನ್ನು ಕರಗದಂತೆ ಕಾಯಬೇಕು ಎಂಬ ಹಾದಿಯಲ್ಲಿ ಬಂದ ಮಾತ್ರೆ ಡೊನೆಪೆಜಿಲ್. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ರೋಗ ಗುಣವಾಗುವುದಿಲ್ಲ. ಕೆಲವರಿಗೆ ಕೆಲಕಾಲ ಆಸರೆ.

ಅವ್ವನಿಗೆ ಈಗ ಎಂಬತ್ತರ ಹತ್ತಿರ. ನೆಗಡಿ, ತುರಿಕೆಗೆ ಅಂಗಡಿಯಲ್ಲಿ ಸಿಗುವ ಹಳೆಯ ನಮೂನೆಯ ಕೆಲವು ಮಾತ್ರೆಗಳೂ ಇದೇ ಅಸಿಟೈಲ್‌ಕೋಲಿನ್ನಿಗೆ ಅಡ್ಡ ಬರುತ್ತವೆ, ಮುಪ್ಪಿನವರಲ್ಲಿ ಗೊಂದಲ ಹುಟ್ಟಿಸುತ್ತವೆ. ಡಾಕ್ಟರಿಗೆ ತೋರಿಸದೆ ಅಂಥದ್ದೊಂದನ್ನೂ ನಾನು ಅವಳ ಕೈಗೆ ಕೊಡುವುದಿಲ್ಲ.